ಏಳುನೂರು ಬನ್ನಿನ ನಿಂಗವ್ವ

ಅಬ್ಬಿಗೆರೆಯ ಮಟ್ಟಿಗೆ ಇದು ಮಹತ್ವದ ಬೆಳಗು. ಒಂದು ಬನ್ನಿನೊಳಗೆ ಟೂಟಿಫ್ರೂಟಿ ಏಳು ಚೂರಿರಬೇಕೋ ಒಂಬತ್ತೋ ಎಂಬ ಪ್ರಶ್ನೆ ನಾಲ್ಕೂಮುಕ್ಕಾಲಿಗೇ ಚರ್ಚೆಗೆ ಬಂದಿದೆ. ಒಂಬತ್ತರ ಪರವಾಗಿ ಸರ್ದಾರ್ ನಿಂತಿದ್ದಾರೆ, ಏಳರ ಪರವಾಗಿ ಬೇಕರಿಯ ಒಡತಿ ನಿಂಗವ್ವ. ಉಳಿದ ಮೂವರು ಕೆಲಸಗಾರರು ಹಿಟ್ಟು ನಾದುತ್ತ ತಟಸ್ಥರಾಗಿದ್ದಾರೆ.

“ಏಳು ಚೂರು ಹಾಕಿದ್ರೆ ಅದು ಬನ್ ಅಲ್ಲಕ್ಕಾ, ಪೊಲೀಸ್ ಬಂದೋಬಸ್ತು. ಅಲ್ಲೊಬ್ಬ, ಇಲ್ಲೊಬ್ಬ.”

“ಬಂದೋಬಸ್ತಿನ ಚಿಂತಿ ನಿನಗ ಇನ್ನೂ ಹೋಗಿಲ್ಲೇನು? ಸುಮ್ಮನ ಉಂಡಿ ಕಟ್ಟು.”

ಎಲ್ಲರೂ ನಗುತ್ತಾರೆ. ನಕ್ಕ ನಾಲ್ಕೂ ಜನ ಗಂಡಸರು ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದವರು. ನಿಂಗವ್ವನಿಗೆ ಈಗ ಐವತ್ತೆಂಟು. ರಾಣೆಬೆನ್ನೂರಿನ ಕಡೆಯವರು, ಗಂಡನ ಫ್ಯಾಕ್ಟರಿ ಕೆಲಸದ ಹಿಂದೆ ಬಂದು, ಯಶವಂತಪುರದ ಬೇಕರಿಯೊಂದರಲ್ಲಿ ಕೆಲಸ ಕಲಿತರು. ಆಮೇಲೆ ಹನ್ನೊಂದು ವರ್ಷ ಜೈಲಿನ ಬೇಕರಿಯಲ್ಲಿ ಕೈದಿಗಳಿಗೆ ಅದೇ ಕೆಲಸ ಕಲಿಸಿದರು. ಕಲಿತವರಿಗೆ ಬಿಡುಗಡೆಯ ದಿನ ಒಂದು ಸರ್ಟಿಫಿಕೇಟು ಸಿಗುತ್ತಿತ್ತು. ಅದನ್ನು ನೋಡಿದ ಬೇಕರಿಯವರು ಮೊದಲು ಓದುತ್ತಿದ್ದದ್ದು ಜೈಲಿನ ಹೆಸರು.

“ಸಹಿ ಹಾಕಿ ಕೊಟ್ಟಾಕಿ ನಾನು. ಕೆಲಸ ಎಲ್ಲೈತಿ ಅಂತ ಬಂದು ನಿಂತ್ರ ಯಾರ ಮನಿ ತೋರಿಸ್ಲಿ?” ಎನ್ನುತ್ತಾರೆ. ತೋರಿಸಲು ಯಾರ ಮನೆಯೂ ಇಲ್ಲದ್ದರಿಂದ ಐದು ವರ್ಷದ ಹಿಂದೆ ಈ ತಗಡಿನ ಶೆಡ್ಡು ಹಿಡಿದರು. ಇದುವರೆಗೆ ಹತ್ತೊಂಬತ್ತು ಜನ ಇಲ್ಲಿ ದುಡಿದಿದ್ದಾರೆ. “ಒಬ್ಬ ವಾಪಸ್ ಒಳಗ ಹೋದ. ಅದನ್ನೂ ಬರೀರಿ, ಮುಚ್ಚಿಡಬ್ಯಾಡ್ರಿ.” ಕೆಲಸ ಕೇಳಿ ಬಂದವರಿಗೆ ಅವರು ಯಾವ ಸೆಕ್ಷನ್ ಎಂದು ಕೇಳುವುದಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀ ಎಂದು ಕೇಳುತ್ತಾರೆ. ಈ ಒಂದು ವಿಷಯದಲ್ಲಿ ಅಭ್ಯರ್ಥಿಗಳ ಅನುಭವ ಪ್ರಶ್ನಾತೀತ.

ಶೆಡ್ಡಿನ ಬಾಡಿಗೆ ಕರಾರು ನಾಳೆ, ಸೋಮವಾರ, ಮುಗಿಯುತ್ತದೆ. ಬಡಾವಣೆಯ ನಲವತ್ತೆರಡು ಮಂದಿ “ಇಂಥವರು ಇಲ್ಲಿ ಬೇಡ” ಎಂಬ ಮನವಿಗೆ ಸಹಿ ಮಾಡಿ ಮಾಲೀಕ ಮುನಿಆಂಜಿನಪ್ಪನವರಿಗೆ ಕೊಟ್ಟು ಎರಡು ತಿಂಗಳಾಯಿತು. ಬೇರೆ ಶೆಡ್ಡು ಹುಡುಕಿದ್ದೂ ಆಗಿದೆ. ಯಾರು ಕೆಲಸ ಮಾಡುತ್ತಾರೆಂದು ತಿಳಿದ ಮೇಲೆ ಆರು ಮಾಲೀಕರಿಗೆ ಇದ್ದಕ್ಕಿದ್ದಂತೆ ಶೆಡ್ಡು ಬೇಕೆನ್ನುವ ನೆಂಟರು ಹುಟ್ಟಿಕೊಂಡಿದ್ದಾರೆ. ಈ ಶೆಡ್ಡು ಹೋದರೆ ಬೇಕರಿಯೂ ಹೋಯಿತು.

ಇಂಥ ಹೊತ್ತಿನಲ್ಲಿ, ಕಳೆದ ತಿಂಗಳು, ವಿರೂಪಾಕ್ಷನ ಕೈಗೆ ಅಳತೆ ಸಿಕ್ಕಿತು.

ವಿರೂಪಾಕ್ಷ ಹದಿಮೂರು ವರ್ಷ ಒಳಗಿದ್ದವರು, ಬಂದು ಆಗ ಮೂರು ವಾರ. ದಿನವೂ ಮೈದಾ ಅಳೆಯುವುದು ನಿಂಗವ್ವನೇ. ಅವರು ಊರಿಗೆ ಹೋಗಿದ್ದ ಒಂದು ಬೆಳಿಗ್ಗೆ ಆ ಕೆಲಸ ಇವರಿಗೆ ಬಂತು. ಶೆಡ್ಡಿಗೆ ದಿನಕ್ಕೆ ಐದು ಕೆ.ಜಿ. ಹಿಟ್ಟು, ನೂರನಲವತ್ತು ಬನ್ನು. ಜೈಲಿಗೆ ಇಪ್ಪತ್ತೈದು ಕೆ.ಜಿ., ಏಳುನೂರು ಬನ್ನು. ವಿರೂಪಾಕ್ಷನ ಕೈ ಬಲ್ಲದ್ದು ಅದೊಂದೇ ಲೆಕ್ಕ. ಮೂಟೆ ಬಿಚ್ಚಿದರು, ಪೂರ್ತಿ ಸುರಿದರು, ಅದಕ್ಕೆ ತಕ್ಕ ಈಸ್ಟು ಹಾಕಿ ಒಬ್ಬರೇ ನಾದಿದರು. ಸರ್ದಾರ್ ಬರುವಷ್ಟರಲ್ಲಿ ಹಿಟ್ಟು ಉಬ್ಬಿ, ತೊಟ್ಟಿ ದಾಟಿ, ಬಾಗಿಲಿನ ಕಡೆ ಹೊರಟಿತ್ತು.

ಕೈದಿಗಳನ್ನು ಮುಖ್ಯವಾಹಿನಿಗೆ ತರುವ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ಮುಖ್ಯವಾಹಿನಿಗೆ ದಿನಕ್ಕೆ ನೂರನಲವತ್ತೇ ಬನ್ನು ಸಾಕು ಎಂದು ಮಾತ್ರ ಅವುಗಳಲ್ಲಿ ಯಾರೂ ಹೇಳಿರಲಿಲ್ಲ.

ಉಬ್ಬಿದ ಹಿಟ್ಟನ್ನೆಲ್ಲ ಬನ್ನು ಮಾಡಿ ಬೇಯಿಸಿ ಮುಗಿಸುವ ಹೊತ್ತಿಗೆ ನಿಂಗವ್ವ ರೈಲಿಳಿದು ಬಂದರು. ವಿರೂಪಾಕ್ಷ ಗೋಡೆಗೆ ಬೆನ್ನು ಹಚ್ಚಿ, ಕೈಕಟ್ಟಿ ನಿಂತಿದ್ದರು. “ಎಷ್ಟು ದಿನ ಕಟ್ ಆಗುತ್ತಕ್ಕಾ?” ಎಂದು ಕೇಳಿದರು. ಒಳಗೆ ತಪ್ಪು ಮಾಡಿದರೆ ಶಿಕ್ಷೆಯಲ್ಲಿ ಸಿಗುವ ಮಾಫಿಯ ದಿನಗಳು ಕಡಿತವಾಗುತ್ತವೆ.

“ಏನ್ ಕಟ್ ಮಾಡ್ಲೋ? ಏಳುನೂರು ಅಂತ ಕಲಿಸಿದಾಕಿ ನಾನ. ಇಲ್ಲಿ ಲೆಕ್ಕ ಬ್ಯಾರೆ ಅಂತ ಹೇಳದ ಹೋದಾಕಿನೂ ನಾನ. ಮೊದಲ ಮಾರಿ ತೊಳಕೊ, ಹುಬ್ಬಿಗೆಲ್ಲ ಹಿಟ್ಟು ಹತ್ತೈತಿ. ಆಮ್ಯಾಲ ಮನಿಮನಿಗೆ ಹಂಚಿ ಬಾ.”

“ಯಾರು ಅಂತ ಕೇಳಿದ್ರೆ?”

“ಬೇಕರಿಯಾಂವ, ಇವತ್ತು ಜಾಸ್ತಿ ಆಗ್ಯಾವ, ತಗೋರಿ ಅನ್ನು. ಸುಳ್ಳೇನೈತಿ ಅದರಾಗ?”

ನೂರಹನ್ನೆರಡು ಮನೆ, ಮನೆಗೆ ಐದು ಬನ್ನು. ಮನವಿ ಬರೆದ ಆಶಾರಾಣಿಯವರ ಮನೆ ಬೀದಿಯಲ್ಲಿ ಮೂರನೆಯದು. ವಿರೂಪಾಕ್ಷ ಬೆಲ್ ಒತ್ತಿದರು. ಬಾಗಿಲು ತೆರೆದ ಆಶಾರಾಣಿ ಅವರನ್ನು ನೋಡಿದರು, ಪೊಟ್ಟಣ ನೋಡಿದರು, ಕೇಳಿದ್ದು ಒಂದೇ ಪ್ರಶ್ನೆ: “ಮೊಟ್ಟೆ ಹಾಕಿದೀರಾ?”

“ಇಲ್ಲ ಮೇಡಂ.”

“ಹಾಗಾದ್ರೆ ಅತ್ತೆಗೂ ಎರಡು ಕೊಡಿ.”

ಅಂದಿನಿಂದ ಬಡಾವಣೆಯ ಕೆಲವರು ಸಂಜೆ ಶೆಡ್ಡಿನ ಹತ್ತಿರ ಬಂದು, ಬೆಚ್ಚಗಿನ ಬನ್ನು ಇದೆಯೇ ಎಂದು ಕೇಳುತ್ತಾರೆ. ವಿರೂಪಾಕ್ಷ ಈಗ ಮೈದಾವನ್ನು ಎರಡು ಸಲ ತೂಗುತ್ತಾರೆ.

ಟೂಟಿಫ್ರೂಟಿ ವಿವಾದ ಬಗೆಹರಿಯುವ ಮುನ್ನ ಮುನಿಆಂಜಿನಪ್ಪ ಬಂದು ಮೈದಾ ಡಬ್ಬದ ಮೇಲೆ ಕೂರುತ್ತಾರೆ. ನಾಲ್ವರ ಕೈಗಳೂ ನಿಲ್ಲುತ್ತವೆ. ಅವರು ಟೀ ಕುಡಿದು, ಒಂದು ಬನ್ನು ಮುಗಿಸಿ, ಇನ್ನೊಂದನ್ನು ತೆಗೆದುಕೊಂಡ ಮೇಲೆ ಮಾತಾಡುತ್ತಾರೆ.

“ನಿಂಗವ್ವ, ಆ ಕಾಗ್ದ ಇಡ್ಕೊಂಡು ಈ ತಿಂಗ್ಳು ಯಾರೂ ಬಂದಿಲ್ಲ ಕಣಮ್ಮ.”

“ಬಂದ್ರ ಏನಂತೀರಿ ಗೌಡ್ರ?”

“ಇಂಗೆ ಬನ್ನು ತಿಂತಾ ಕೂತಿದ್ರೆ ನಾನೇನ್ ಏಳ್ಲಿ? ಬಾಯಿ ತುಂಬೈತೆ ಅಂತೀನಿ.”

ಇದು ಒಪ್ಪಿಗೆಯೋ ಅಲ್ಲವೋ ಎಂದು ನಾಲ್ವರೂ ನಿಂಗವ್ವನ ಮುಖ ನೋಡುತ್ತಾರೆ. ಅವರಿಗೂ ಗೊತ್ತಿಲ್ಲ. ಏನಾಗಬೇಕು ನಿಮಗೆ ಎಂದು ಕೇಳಿದರೆ, ಕೈ ಒರೆಸಿಕೊಂಡು ಹೇಳುತ್ತಾರೆ: “ಇನ್ನಿಬ್ಬರು ಬರೋ ತಿಂಗಳು ಬಿಡುಗಡಿ ಆಗ್ತಾರ. ಅವರು ಬಂದಾಗ ಈ ಶೆಡ್ಡು ಇಲ್ಲೇ ಇದ್ರ ಸಾಕ್ರಿ.”

ಆಶಾರಾಣಿಯವರು ಮನವಿಯನ್ನು ಹಿಂತೆಗೆದುಕೊಂಡಿಲ್ಲ, ನೆನಪಿಸಿಯೂ ಇಲ್ಲ. ಸೋಮವಾರ ಮಧ್ಯಾಹ್ನ ಮುನಿಆಂಜಿನಪ್ಪ ಬಾಡಿಗೆ ಕರಾರಿಗೆ ಸಹಿ ಹಾಕಿದರು. ಅದು ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿದಿದೆ.