ಇಂಗ್ಲಿಷ್ ತಿಳಿಯದ ನಾಯಿ

ಅರವತ್ತರ ದಶಕದ ಆರಂಭದಲ್ಲಿ ಧಾರವಾಡದ ದೊಡ್ಡ ಮನುಷ್ಯರಿಗೆ ಒಂದು ರೋಗವಿತ್ತು. ಮನೆಯಲ್ಲಿ, ಸಂತೆಯಲ್ಲಿ, ಮಠದಲ್ಲಿ ಕನ್ನಡ ಮಾತಾಡುವವರು ನಾಯಿಯ ಎದುರು ನಿಂತ ಕೂಡಲೇ ಇಂಗ್ಲಿಷಿಗೆ ಇಳಿಯುತ್ತಿದ್ದರು. ಬಿಳಿಯರು ಬಿಟ್ಟುಹೋದ ಕುರ್ಚಿಗಳ ಜೊತೆಗೆ ಈ ಚಟವೂ ಬಂದಿರಬೇಕು.

ನಾನಾಗ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ಹೆಬ್ಬಳ್ಳಿಯ ದಾರಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಕರಿ ನಾಯಿಯೊಂದನ್ನು ತಂದು, ಬಿದಿರಿನ ದಬ್ಬೆ ಕಟ್ಟಿ ಬದುಕಿಸಿದ್ದೆ. ನಡೆಯುವಂತಾಯಿತು, ಒಂದಿಷ್ಟು ಕುಂಟು ಉಳಿಯಿತು. ನನ್ನ ಬಾಡಿಗೆ ಮನೆಯ ಮಾಲಕರಿಗೆ ನಾಯಿ ಆಗದು. ಬೀದಿಗೆ ಬಿಟ್ಟರೆ ಮುನಸಿಪಾಲಿಟಿಯ ಬಂಡಿ ಒಯ್ದು ಕೊಲ್ಲುತ್ತಿತ್ತು. ಕೊರಳಲ್ಲೊಂದು ಪಟ್ಟಿ, ತನ್ನದೆನ್ನಲು ಒಂದು ಮನೆ ಇದ್ದರೆ ಮಾತ್ರ ಅದಕ್ಕೆ ಉಳಿಗಾಲ.

ನಿವೃತ್ತ ಅಧಿಕಾರಿಯೊಬ್ಬರು ನಾಯಿ ಬೇಕೆಂದು ಹೇಳಿಕಳಿಸಿದರು. ದೊಡ್ಡ ಕಂಪೌಂಡು, ಗಂಡ ಹೆಂಡತಿ ಇಬ್ಬರೇ. ನಾಯಿಯನ್ನು ಅಲ್ಲಿಗೆ ಕರೆದೊಯ್ದೆ. ಸಾಹೇಬರು ನಾಯಿಯ ಬಾಯಿ ಬಿಡಿಸಿ ಹಲ್ಲು ನೋಡಿದರು, ಬಾಲ ಎತ್ತಿ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

"ಜಾತಿ ಯಾವುದ್ರಿ ಅಕ್ಕಾರ?"

"ಹೆಬ್ಬಳ್ಳಿ ಕಡೀದ್ರಿ."

"ಇರ್ಲಿ, ನಾ ತಯಾರ ಮಾಡ್ತೇನಿ," ಎಂದು ನಾಯಿಯ ಕಡೆ ತಿರುಗಿ, "ಸಿಟ್ ಡೌನ್," ಎಂದರು. ನಾಯಿ ಅವರ ಬೂಟು ಮೂಸಿತು.

ಆಮೇಲೆ ಆಗಾಗ ನೋಡಲು ಹೋಗುತ್ತಿದ್ದೆ. ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕೂತು ಹುಕುಂ ಹೊರಡಿಸುತ್ತಿದ್ದರು. ಕಮ್, ಗೋ, ಸ್ಟ್ಯಾಂಡ್. ಹೊಲದ ಬದುವಿನಲ್ಲಿ ಬೆಳೆದ ನಾಯಿ ಅವರನ್ನು ಕನಿಕರದಿಂದ ನೋಡುತ್ತಿತ್ತು. ಅವರ ಇಂಗ್ಲಿಷಿಗೆ ವಿಲಾಯತಿ ನಾಯಿಯೂ ತಬ್ಬಿಬ್ಬಾಗಬೇಕು. ಹೆಂಡತಿಯ ಜೊತೆ ಅವರಿಗೆ ಅಷ್ಟೂ ಮಾತಿರಲಿಲ್ಲ. ಚಹಾ ಬೇಕಾದರೆ ಚಿಟಿಕೆ, ಊಟಕ್ಕೆ ಕೆಮ್ಮು. ಆ ಮನೆಯಲ್ಲಿ ನಾಯಿಗೆ ಇಂಗ್ಲಿಷು, ಹೆಂಡತಿಗೆ ಸನ್ನೆ.

ಆ ತಾಯಿ ಪರ ಗಂಡಸರ ಎದುರು ಹೊರಗೆ ಬರುವ ಪದ್ಧತಿ ಇರಲಿಲ್ಲ. ಒಮ್ಮೆ ನಾನು ಹಿತ್ತಲ ಕಡೆಯಿಂದ ಹೋದಾಗ ಹೊಸ್ತಿಲ ಮೇಲೆ ಕೂತು, ಹಾಲಿನಲ್ಲಿ ರೊಟ್ಟಿ ಮುರಿದು ಹಾಕುತ್ತಾ ನಾಯಿಗೆ ಏನೇನೋ ಹೇಳುತ್ತಿದ್ದರು. ಒಲೆಯ ಹೊಗೆ, ಮೊಣಕಾಲ ನೋವು, ತವರಿಗೆ ಹೋಗದೆ ಎಷ್ಟು ಕಾಲವಾಯಿತೆಂಬುದು. ನಾಯಿ ಕಿವಿ ನಿಮಿರಿಸಿ ಕೇಳುತ್ತಿತ್ತು.

"ಅವರ ಮುಂದ ಹೇಳಬ್ಯಾಡ್ರಿ ಅಕ್ಕಾರ. ಕನ್ನಡ ಮಾತಾಡಿದ್ರ ನಾಯಿ ಕೆಡತೈತಿ ಅಂತಾರ. ಇದು ಬಂದ ಮ್ಯಾಲೆ ನನಗ ಹೊತ್ತು ಹೋಗೂದ ತಿಳಿಯವಲ್ತು," ಎಂದರು.

ಒಂದು ಸಂಜೆ ಸಾಹೇಬರು ಗೆಳೆಯರನ್ನು ಕರೆದು ನಾಯಿಯ ವಿದ್ಯೆ ತೋರಿಸಹೊರಟರು. ನಾಯಿ ಕೂಡಲಿಲ್ಲ, ನಿಲ್ಲಲಿಲ್ಲ, ಆಕಳಿಸಿತು. ಗೆಳೆಯರು ನಕ್ಕರು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವರ ಗೇಟಿನ ಮುಂದೆ ಮುನಸಿಪಾಲಿಟಿಯ ಬಂಡಿ. ಅಂಗಳಕ್ಕೆ ಓಡಿದೆ. ನಾಯಿಯ ಕೊರಳ ಪಟ್ಟಿ ಸಾಹೇಬರ ಕೈಯಲ್ಲಿತ್ತು.

"ಹುಚ್ಚು ಹಿಡದೈತ್ರಿ. ಹೇಳಿದ್ದು ಒಂದೂ ತಿಳಿಯೂದಿಲ್ಲ."

"ನನಗ ತಿರುಗಿ ಕೊಡ್ರಿ," ಎಂದೆ.

"ಕೊಟ್ರ, ಸಾಹೇಬಗ ಒಂದು ನಾಯಿ ತಿದ್ದಾಕ ಆಗಲಿಲ್ಲಂತ ಮಂದಿ ಆಡಕೋತಾರ."

ಮೀಸೆಯ ಮಾನಕ್ಕಾಗಿ ಒಂದು ಜೀವ ತೆಗೆಯಲು ಹೊರಟ ಆ ಮುಖಕ್ಕೆ ಉಗುಳಬೇಕೆನಿಸಿತು. ಬಂಡಿಯವನು ಹಗ್ಗದ ಕುಣಿಕೆ ಹಿಡಿದು ಒಳಗೆ ಬಂದ.

ಆಗ ಮುಂಬಾಗಿಲು ತೆರೆಯಿತು. ತಲೆಯ ಮೇಲೆ ಸೆರಗು ಹೊದ್ದು, ಪರ ಗಂಡಸಿನ ಎದುರೇ ಆ ತಾಯಿ ಮೆಟ್ಟಿಲಿಳಿದು ಅಂಗಳಕ್ಕೆ ಬಂದರು.

"ಬಾ ನನ್ನಪ್ಪಾ, ಇಲ್ಲಿ ಬಂದು ಕೂಡು."

ನಾಯಿ ಕುಂಟುತ್ತಾ ಹೋಗಿ ಅವರ ಕಾಲ ಬಳಿ ಕೂತಿತು. ಬಂಡಿಯವನು ಕುಣಿಕೆ ಇಳಿಸಿ ಸಾಹೇಬರ ಮುಖ ನೋಡಿದ. ಅವರ ಹೆಂಡತಿ ಪಟ್ಟಿಗಾಗಿ ಕೈ ಚಾಚಿದರು.

"ಅದಕ್ಕ ಎಲ್ಲಾ ತಿಳೀತೈತ್ರಿ. ನೀವು ಅದರ ಕೂಡ ಒಂದು ದಿನಾನೂ ಮಾತಾಡಿಲ್ಲ. ನನ್ನ ಕೂಡಾನೂ."

ಸಾಹೇಬರು ಪಟ್ಟಿ ಕೊಟ್ಟರು. ಆ ತಾಯಿ ಅದನ್ನು ನಾಯಿಯ ಕೊರಳಿಗೆ ಕಟ್ಟಿದರು; ಬಂಡಿ ಖಾಲಿ ಹೋಯಿತು.