ಮಗ್ಗವನ್ನು ಕೇಳಿ ಬರುತ್ತಿದ್ದ ಖಾಲಾ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಭಾನುವಾರವೋ, ವ್ಯಾಪಾರಿಯ ಕೈಯಲ್ಲಿದ್ದದ್ದು ಚರ್ಮದ ಚೀಲವೋ ಬರೀ ಫೈಲೋ, ನನಗೆ ಖಾತ್ರಿಯಿಲ್ಲ. ಹೋದ ವಾರ ನವಲಗುಂದದ ತವರುಮನೆಯಲ್ಲಿ ಟ್ರಂಕು ತೆರೆದಾಗ ಬಂದ ವಾಸನೆಯೊಂದೇ ಖಾತ್ರಿ: ಒಣಗಿದ ಬೇವಿನ ಎಲೆ, ಹಳೆಯ ನೂಲು, ಅದರಡಿಯಲ್ಲೆಲ್ಲೋ ಬಣ್ಣದ ಒಗರು. ನನ್ನ ಮದುವೆಯ ಜಮಖಾನೆ. ನಡುವೆ ಪಗಡೆಯ ಹಾಸು, ಸುತ್ತ ಕೆಂಪು ಅಂಚು. ನೇಯ್ದವಳು ಬಾಜೂ ಮನೆಯ ಖಾಲಾ. ಅವರ ಉರ್ದುವಿನಲ್ಲಿ ಹಾಗೆಂದರೆ ಚಿಕ್ಕಮ್ಮ; ನಾನೂ ಅವಳನ್ನು ಹಾಗೇ ಕರೆಯುತ್ತಿದ್ದೆ.

ಎರಡೂ ಮನೆಗಳಿಗೆ ಹಿತ್ತಲು ಒಂದೇ, ನಡುವೆ ಮೊಣಕಾಲೆತ್ತರದ ಕಲ್ಲುಗೋಡೆ. ಖಾಲಾ ಅದನ್ನು ದಾಟಿ ಬರುವಾಗ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕೊತ್ತಂಬರಿಯೋ ಸಕ್ಕರೆಯ ಬಟ್ಟಲೋ ಇರುತ್ತಿತ್ತು. ಅವಳ ಒಳಕೋಣೆಯಲ್ಲಿ ಗೋಡೆಯುದ್ದಕ್ಕೂ ನಿಂತ ಮಗ್ಗ. ಆ ಕಸುಬನ್ನು ಅವರ ಮನೆಗಳಲ್ಲಿ ಸೊಸೆಯರಿಗೆ ಕಲಿಸುತ್ತಿದ್ದರು, ಮಗಳಿಗಲ್ಲ. ಮಗಳು ಬೇರೆ ಮನೆಗೆ ಹೋಗುವವಳು. ನಾನು ಇಣುಕಿದರೆ ಪರದೆ ಎಳೆದು ನಗುತ್ತಿದ್ದಳು: "ನೀ ಏನ್ ನಮ್ಮ ಸೊಸಿ ಏನ? ಅಲ್ಲೇ ನಿಂದ್ರು."

ಗಿರಾಕಿಗಳು ಎಲ್ಲ ಮಾತು ಮುಗಿಸಿ, ಚಹಾ ಕುಡಿದು, ಎದ್ದ ಮೇಲೆಯೇ ಹೊಸದೊಂದನ್ನು ಕೇಳುತ್ತಾರೆ ಎಂಬುದು ಖಾಲಾಗೆ ಗೊತ್ತಿತ್ತು. ಅಂಚು ಇನ್ನೂ ನಾಲ್ಕು ಬೆರಳು ಅಗಲ ಮಾಡಿ, ಹಬ್ಬದೊಳಗೆ ಕೊಡಿ... ಅವಳು ಹೂಂ ಅನ್ನುತ್ತಿರಲಿಲ್ಲ, ಒಲ್ಲೆ ಎಂದೂ ಅನ್ನುತ್ತಿರಲಿಲ್ಲ.

"ನಂದೇನು ತಕರಾರಿಲ್ರಿ. ಮಗ್ಗಾ ಕೇಳಿ ಬರ್ತೀನಿ."

ಒಳಗೆ ಹೋದಳೆಂದರೆ ಪಂಜಾದ ಸದ್ದು ಶುರು. ನೂಲನ್ನು ಬಡಿದು ಕೂರಿಸುವ ಕಬ್ಬಿಣದ ಹಲ್ಲುಗಳ ಸಲಕರಣೆ ಅದು. ಧಪ್, ಧಪ್, ಒಂದು ಸಾಲು ಪೂರ್ತಿ. ಹೊರಗೆ ಗಿರಾಕಿ ಗೋಡೆ ನೋಡುತ್ತ ಕೂರಬೇಕು. ಸಾಲು ಮುಗಿಯುವುದರೊಳಗೆ ಎಷ್ಟೋ ಮಂದಿ ತಾವೇ, "ಇರ್ಲಿ ಬಿಡ್ರಿ, ಮೊದಲ ಹೇಳಿದಂಗ ಆಗ್ಲಿ" ಎಂದು ಕೂಗುತ್ತಿದ್ದರು. ಪಟ್ಟು ಬಿಡದವರಿಗೆ ಖಾಲಾ ಹೊರಬಂದು ಗಂಭೀರವಾಗಿ ಹೇಳುತ್ತಿದ್ದಳು: "ಅಂಚಿಗೆ ಒಪ್ಪೇತ್ರಿ. ಹಬ್ಬದೊಳಗ ಮಾತ್ರ ಒಲ್ಲೆ ಅಂತೈತಿ."

ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನನಗೆ ಇದು ತಮಾಷೆ. ಸ್ವಲ್ಪ ಮುಜುಗರವೂ ಆಗುತ್ತಿತ್ತು, ಈಗ ಒಪ್ಪಿಕೊಳ್ಳಬೇಕು.

ನನ್ನ ಮದುವೆ ಗೊತ್ತಾಗಿದ್ದ ದಿನಗಳು. ಹುಬ್ಬಳ್ಳಿಯಿಂದ ಒಬ್ಬ ವ್ಯಾಪಾರಿ ಬಂದ. ಹೊಸ ಹೋಟೆಲೊಂದಕ್ಕೆ ಹನ್ನೆರಡು ಜಮಖಾನೆ ಬೇಕು. ಆ ಕೆಲಸ ಸಿಕ್ಕರೆ ಖಾಲಾ ಎರಡನೆಯ ಮಗ್ಗ ಹೂಡಬಹುದಿತ್ತು. ಕಂಡವರ ಹೊಲಕ್ಕೆ ಹತ್ತಿ ಬಿಡಿಸಲು ಹೋಗುತ್ತಿದ್ದ ಸೊಸೆ ಮನೆಯಲ್ಲೇ ಕೂತು ನೇಯಬಹುದಿತ್ತು. ಖಾಲಾಗೆ ಓದು ಬರುತ್ತಿರಲಿಲ್ಲ. "ಸಾಲಿ ಕಲ್ತಾಕಿ, ಬಾ, ಬರಕೋ" ಎಂದು ನನ್ನನ್ನು ಕೂರಿಸಿದಳು. ಅಳತೆ, ಬಣ್ಣ, ವಾಯಿದೆ ಎಲ್ಲ ಬರೆದೆ. ವ್ಯಾಪಾರಿ ಎದ್ದು ಚಪ್ಪಲಿಗೆ ಕಾಲು ತೂರಿಸಿದ. ಗಾಳಿಗೆ ಒಳಕೋಣೆಯ ಪರದೆ ಸರಿಯಿತು.

"ಆ ಮಗ್ಗದ ಮ್ಯಾಲಿಂದು ನವಿಲೇನ್ರಿ? ಮೊದಲ ಅದನ್ನ ಕೊಡ್ರಿ, ಮಾಲಕರಿಗೆ ತೋರಸಾಕ ಬೇಕು. ಅದಿಲ್ಲಂದ್ರ ಹನ್ನೆರಡೂ ಬ್ಯಾಡ."

ಖಾಲಾ ನನ್ನತ್ತ ಒಮ್ಮೆ ನೋಡಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ. "ತಡೀರಿ, ಮಗ್ಗಾ ಕೇಳಿ ಬರ್ತೀನಿ" ಎಂದು ಒಳಗೆ ಹೋದಳು.

ಬಹಳ ಹೊತ್ತಾಯಿತು. ಅವನು ಗಡಿಯಾರ ನೋಡಿಕೊಂಡ. ಸೊಸೆ ಖಾಲಿ ಕಪ್ಪುಗಳನ್ನು ಹಿಡಿದುಕೊಂಡು ನಿಂತೇ ಇದ್ದಳು. ನನಗೆ ತಡೆಯಲಾಗಲಿಲ್ಲ. "ಕೊಡ್ತಾರ್ರಿ, ಅದೇನ್ ದೊಡ್ಡ ಮಾತಲ್ಲ" ಎಂದು ಕಾಗದದ ಕೊನೆಗೆ ಅದನ್ನೂ ಬರೆದುಬಿಟ್ಟೆ.

ಖಾಲಾ ಹೊರಬರುತ್ತಲೇ ಅವನು, "ಆತಲ್ರಿ, ಅಕ್ಕಾರು ಹೂಂ ಅಂದ್ರು" ಎಂದ.

"ನೀ ಹೂಂ ಅಂದೇನ?" ಅವಳು ಕೇಳಿದಳು.

"ಹೂಂ ಖಾಲಾ."

ಅವಳು ನಕ್ಕಳು. ಬೇಸರದ ನಗೆ ಅನಿಸಿರಲಿಲ್ಲ, ಆಗ. "ಆಕೀನ ಹೂಂ ಅಂದ ಮ್ಯಾಲೆ ಮಗ್ಗದ್ದೇನ್ ನಡೀತೈತ್ರಿ. ಮುಗದ ಕೂಡ್ಲೆ ಒಯ್ರಿ."

ಆ ದಿನದ ಡೈರಿಯಲ್ಲಿ ಎರಡೇ ವಾಕ್ಯಗಳಿವೆ: ಖಾಲಾಗೆ ದೊಡ್ಡ ಕೆಲಸ ಸಿಕ್ಕಿತು. ಮಾತು ಮುಗಿಸಿಕೊಟ್ಟವಳು ನಾನು.

ಎರಡನೆಯ ಮಗ್ಗ ಬಂತು. ಅತ್ತೆ, ಸೊಸೆ ಇಬ್ಬರ ಪಂಜಾಗಳೂ ನಮ್ಮ ಅಡುಗೆಮನೆಗೆ ಕೇಳಿಸುತ್ತಿದ್ದವು. ಮದುವೆಯ ಹಿಂದಿನ ದಿನ ಖಾಲಾ ಗೋಡೆ ದಾಟಿ ಬಂದು ಪಗಡೆಯ ಜಮಖಾನೆಯನ್ನು ನನ್ನ ಮಡಿಲಿಗೆ ಹಾಕಿದಳು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. "ಪಗಡಿ ನೇಯಾಕ ಲಗೂ ಆಗತೈತಿ, ಯವ್ವಾ" ಎಂದಳು. ಯಾಕೆ ಹಾಗಂದಳೆಂದು ನಾನು ಕೇಳಲಿಲ್ಲ. ಅವಳು ತೀರಿಕೊಂಡಾಗ, ನಾನು ಪಾಠ ಮಾಡುವ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವೆಂದು ನಾನು ಬರಲೂ ಇಲ್ಲ...

ಹೋದ ವಾರ ಜಮಖಾನೆಯ ಒಂದು ತುದಿ ಹಿಡಿದು ಕೊಡವುತ್ತ ಅವ್ವ ತನ್ನಷ್ಟಕ್ಕೆ ಅಂದಳು: "ನಿನಗಂತ ಮಗ್ಗಕ್ಕ ಏರ್ಸಿದ್ದು ನವಿಲು. ಮದುವಿ ದಿನಾನ ತೋರ್ಸೂಣು ಅಂತ ಇಬ್ಬರೂ ಮುಚ್ಚಿಟ್ಟಿದ್ವಿ. ಅದು ಹೋಟೆಲ್ಲಿಗೆ ಹೋತು."

ಅಂದಿನಿಂದ ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ. ಖಾಲಾ ಒಳಗೆ ಹೋದ ಮೇಲೆ ಪಂಜಾ ಸದ್ದು ಮಾಡಿತ್ತೇ? ಇಲ್ಲವೆಂದೇ ನೆನಪು. ಹಿತ್ತಲ ಬಾಗಿಲು ಕಿರುಗುಟ್ಟಿದ್ದೂ ನೆನಪಾಗುತ್ತಿದೆ, ಆದರೆ ಅದು ಅವ್ವನ ಮಾತು ಕೇಳಿದ ಮೇಲೆ ನಾನು ಸೇರಿಸಿಕೊಂಡದ್ದಿರಬಹುದು. ಬಲ್ಲವಳು ಅವ್ವ ಒಬ್ಬಳೇ ಉಳಿದಿದ್ದಾಳೆ. ಜಮಖಾನೆ ಇನ್ನೂ ಇಬ್ಬರ ಕೈಯಲ್ಲಿದ್ದಾಗಲೇ ಅವಳನ್ನು ಕೇಳಿದ್ದೆ. ಅವಳು ತನ್ನ ತುದಿಯನ್ನು ತಂದು ನನ್ನ ಕೈಯ ತುದಿಗೆ ಸೇರಿಸಿ, ಮಡಿಕೆ ಸವರಿ, ಹೊಸ ಬೇವಿನ ಎಲೆ ತರಲು ಹಿತ್ತಲಿಗೆ ಹೋದಳು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಅವತ್ತ ಖಾಲಾ ಗ್ವಾಡಿ ದಾಟಿ ನಿನ್ನ ಕೇಳಾಕ ಬಂದಿದ್ಲೇನು? ನೀ ಏನಂದಿ?"