ಅಕ್ಕನ ಎರಡು ಈಡು

ನಮ್ಮಕ್ಕನಿಗೆ ಕೋವಿಯೆಂದರೆ ತೊಳೆದು ಮೂಲೆಗಿಡುವ ಸಾಮಾನು. ಭಾವ ಬೀಜದ ಫಾರಂನಲ್ಲಿ ಕಾವಲುಗಾರ. ಅವರು ಬೆಳಿಗ್ಗೆ ಮನೆಗೆ ಬಂದರೆ ಕೋವಿ ಇಸಿದುಕೊಂಡು ನಳಿಗೆಗೆ ಬಿಸಿನೀರು ಹೊಯ್ದು, ಪಾತ್ರೆ ಬೆಳಗಿದ ಹಾಗೆ ಮಸಿ ತೆಗೆಯುತ್ತಿದ್ದಳು. ಹಳೇ ಕಾಲದ ಕೇಪಿನ ಕೋವಿ ಅದು. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಚರೆ ಹಾಕಿ, ಗಜ ಅನ್ನುವ ಉದ್ದದ ಕಡ್ಡಿಯಿಂದ ಜಡಿದು, ಕೊನೆಗೆ ಕುದುರೆ ಅನ್ನುವ ಸುತ್ತಿಗೆಯ ಕೆಳಗೆ ಕಿಡಿ ಹಾರಿಸುವ ಕೇಪು ಕೂರಿಸಿ ಹೊಡೆಯಬೇಕು. ಹೀಗೆ ಒಂದು ಸಲ ತುಂಬಿ ಹೊಡೆದರೆ ಒಂದು ಈಡು. ತುಂಬುವುದನ್ನು ಅವಳು ನೋಡಿ ನೋಡಿಯೇ ಕಲಿತಿದ್ದಳು. ಹೊಡೆದು ಮಾತ್ರ ಗೊತ್ತಿರಲಿಲ್ಲ.

ಭಾವನ ಕಣ್ಣು ಹೋಯಿತು. ಮೊದಲು ಮಸುಕು, ಆಮೇಲೆ ಆಪರೇಷನ್, ಆಮೇಲೆ ಕಪ್ಪು ಕನ್ನಡಕ, ಆಮೇಲೆ ಏನೂ ಇಲ್ಲ. ಫಾರಂನ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಮನೆಯವರು ಯಾರಾದರೂ ಹಂದಿ ಓಡಿಸುವ ಕೆಲಸ ವಹಿಸಿಕೊಂಡರೆ ಕ್ವಾರ್ಟರ್ಸ್ ನಿಮಗೇ ಇರಲಿ ಅಂದರು. ಆದರೆ ತಮ್ಮ ಕಣ್ಣೆದುರು, ಯಾರ ಸಹಾಯವೂ ಇಲ್ಲದೆ ಎರಡು ಈಡು ಹೊಡೆದು ತೋರಿಸಬೇಕು, ಆಗದಿದ್ದರೆ ಬೀಗದ ಕೈ ತಂದುಕೊಡಿ ಅಂತಲೂ ಅಂದರು. ಅಕ್ಕ ಭಾವನಿಗೆ ಮಕ್ಕಳಿಲ್ಲ. ನಾನೊಬ್ಬ ತಮ್ಮ ಇದ್ದೇನೆ. ನನ್ನದೋ ವೆಲ್ಡಿಂಗ್ ಅಂಗಡಿಯ ಹಿಂದಿನ ಒಂದೇ ಕೋಣೆ. ಅದರಲ್ಲಿ ನಾನು, ಹೆಂಡತಿ, ಮೂರು ಮಕ್ಕಳು, ಜೊತೆಗೆ ಗ್ಯಾಸ್ ಸಿಲಿಂಡರು. ಬನ್ನಿ ಅನ್ನಲು ಬಾಯಿ ಇತ್ತು, ಜಾಗ ಇರಲಿಲ್ಲ.

ನಾನು ಹೊಡೀತೀನಿ ಅಂದಳು ಅಕ್ಕ. ಭಾವ, ಅದು ಕಸ ಗುಡಿಸಿದ ಹಾಗಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದರು. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟರು. ಬಡಿಸಿದರೆ ಉಣ್ಣುವುದು, ಕರೆದರೆ ಸುಮ್ಮನಿರುವುದು.

ಫಾರಂ ಜನಕ್ಕೆ ಇದು ಪುಕ್ಕಟೆ ನಾಟಕ ಆಯಿತು. ಹೆದರುವವರ ಮೇಲೆ ಹಾವು ಎಸೆದ ಹಾಗೆ ಒಬ್ಬೊಬ್ಬರೂ ಒಂದೊಂದು ಕಥೆ ತಂದರು. ಆ ಕೋವಿಯ ಒದೆಗೆ ಯಾರದೋ ದವಡೆ ಹೋಯಿತಂತೆ, ಇನ್ಯಾರೋ ಬಾವಿಗೆ ಬಿದ್ದನಂತೆ. ಟ್ರಾಕ್ಟರ್ ಡ್ರೈವರ್ ಬಾಯಿಬಡುಕನಂತೂ ಹೊತ್ತು ಗೊತ್ತಿಲ್ಲದೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಅಕ್ಕಾ, ಹಿಂದುಗಡೆ ಒಂದು ಹಾಸಿಗೆ ಹಾಕಿಸ್ಕೊಂಡು ಹೊಡಿ. ಕತ್ತೆ ಒದ್ದಂಗೆ ಒದಿಯತ್ತೆ ಅದು. ಮೈಗೆ ಮಾತ್ರ ತಾಗಿಸ್ಬೇಡ, ಸ್ವಲ್ಪ ದೂರಾನೇ ಹಿಡ್ಕೋ."

ನನಗೆ ಕೋಪ ಮೂಗಿನ ತುದಿಯಲ್ಲೇ. ಕೈಯಲ್ಲಿದ್ದ ಸ್ಪ್ಯಾನರ್ ಎಸೆದೆ, ತಪ್ಪಿಸಿಕೊಂಡ. ಆದರೆ ದೂರ ಹಿಡಿ ಅಂದದ್ದು ನನಗೂ ಸರಿ ಅನ್ನಿಸಿತು. ಒದೆಯುವ ಪ್ರಾಣಿಯನ್ನು ಯಾರಾದರೂ ಅಪ್ಪಿಕೊಳ್ಳುತ್ತಾರಾ?

ಪರೀಕ್ಷೆಯ ಹಿಂದಿನ ದಿನ ಗೋದಾಮಿನ ಹಿಂದೆ ಅಭ್ಯಾಸಕ್ಕೆ ಹೋದೆವು. ಅವಳು ಸರಿಯಾಗಿಯೇ ತುಂಬಿದಳು. ಕೋವಿಯ ಹಿಡಿಯನ್ನು ಮೈಯಿಂದ ಎರಡು ಬೆರಳು ದೂರ ಹಿಡಿದು, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಎಳೆದಳು. ಢಂ ಅಂದ ಮೇಲೆ ನನಗೆ ಕಂಡದ್ದು ಬರೀ ಹೊಗೆ. ಹೊಗೆ ಹೋದಾಗ ಅಕ್ಕ ನೆಲದ ಮೇಲೆ ಕೂತಿದ್ದಳು. ಅವಳದೇ ಹೆಬ್ಬೆರಳು ಬಡಿದು ಮೂಗಿನಲ್ಲಿ ರಕ್ತ. ಬಲಗೈ ಎತ್ತಲು ಹೋದಳು, ಅದು ಏಳಲಿಲ್ಲ.

ಸಂಜೆಗೆ ತೋಳು ಕಪ್ಪಾಗಿ ಊದಿಕೊಂಡಿತು. ಮ್ಯಾನೇಜರ್ ಹತ್ತಿರ ಇನ್ನೆರಡು ದಿನ ಕೇಳಿದೆ. ಆಗುವವರಿಗೆ ನಾಳೆಯೂ ಆಗುತ್ತದೆ, ಕೆಲಸಕ್ಕೆ ಬೇರೆಯವನು ಕಾದು ನಿಂತಿದ್ದಾನೆ ಅಂದರು. ವಾಪಸ್ಸು ಬಂದರೆ ಅಕ್ಕ ಒಂದೇ ಕೈಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಒಂದು ತಟ್ಟೆ ಜಾರಿ ಬಿತ್ತು. ಆ ಸದ್ದಿಗೆ ಭಾವ ಮಂಚದಿಂದ ಎದ್ದು, ಗೋಡೆ ತಡವುತ್ತಾ ಬಂದು ಅವಳ ಹೆಗಲು ಮುಟ್ಟಿದರು. ಅವಳು ಹಲ್ಲು ಕಚ್ಚಿ ನಿಂತಳು. ಊದಿದ ಜಾಗದ ಅಂಚನ್ನೆಲ್ಲ ಅವರ ಬೆರಳು ಒಂದು ಸುತ್ತು ಹಾಕಿತು.

"ತೋಳಿನ ಮೇಲೆ ಇಟ್ಟಿದ್ದೀಯ. ಅದೂ ಸಂದು ಬಿಟ್ಟು. ಯಾರು ಹೇಳಿದ್ದು ನಿಂಗೆ?"

ಇಷ್ಟು ದಿನ ಬಾಯಲ್ಲಿ ಏನು ಇಟ್ಟುಕೊಂಡಿದ್ರಿ ಭಾವ ಅಂತ ನಾನು ಕೂಗಾಡಿದೆ. ಹೇಳದಿದ್ದರೆ ಅವಳೇ ಹೆದರಿ ಇದನ್ನ ಬಿಡ್ತಾಳೆ ಅಂದುಕೊಂಡಿದ್ದೆ ಅಂದರು.

"ಬಿಟ್ಟು ಎಲ್ಲಿಗ್ರೀ ಹೋಗ್ಲಿ?" ಅಂದಳು ಅಕ್ಕ.

ಭಾವ ಅವಳ ಎಡ ಹೆಗಲ ಕೆಳಗಿನ ಕುಳಿ ಹುಡುಕಿ ಅಲ್ಲಿ ಅಂಗೈ ಒತ್ತಿದರು.

"ಇಲ್ಲಿ. ಎಡಗಡೆಯಿಂದಾನೇ ಹೊಡಿ. ಮಗೂನ ಎತ್ಕೊಂಡ ಹಾಗೆ ಅಪ್ಪಿಕೋ. ಸಂದು ಬಿಟ್ರೆ ಓಡಿ ಬಂದು ಒದಿಯತ್ತೆ. ಅಪ್ಪಿಕೊಂಡ್ರೆ ಬರೀ ತಳ್ಳತ್ತೆ. ಈ ಮದ್ದು ಉರಿಯೋದು ನಿಧಾನ, ಅದಕ್ಕೆ ಅಷ್ಟೊಂದು ಅವಸರ ಇಲ್ಲ. ತಳ್ಳಿದಾಗ ಎದುರು ನಿಲ್ಬೇಡ, ಜೊತೆಗೆ ಹೋಗು. ಒಂದು ಹೆಜ್ಜೆ ಹಿಂದೆ ಹೋದ್ರೆ ಮಾನ ಹೋಗಲ್ಲ."

ಅಡುಗೆಮನೆಯಲ್ಲಿ ಅವಳನ್ನು ನಿಲ್ಲಿಸಿ ಆ ಕುಳಿಯನ್ನೇ ತಳ್ಳಿದರು. ಸೊಂಟ ಬಿಗಿ ಹಿಡೀಬೇಡ ಅಂತ ಮತ್ತೆ ತಳ್ಳಿದರು. ಅವಳ ಬೆನ್ನು ಪಾತ್ರೆಯ ಸ್ಟ್ಯಾಂಡಿಗೆ ತಾಗಿ ಲೋಟಗಳು ಉರುಳಿದವು. ಮದುವೆಯಾದಾಗಿನಿಂದ ನನ್ನ ಮೇಲೆ ಕೈ ಮಾಡಿರಲಿಲ್ಲ, ಕಣ್ಣು ಹೋದ ಮೇಲೆ ಶುರು ಮಾಡಿದ್ರು ನೋಡು ಅಂದಳು ಅಕ್ಕ. ನಗಬೇಕು ಅನ್ನಿಸಿತು, ಆಗಲಿಲ್ಲ. ಅವಳ ಬಲಗೈ ಜೋತು ಬಿದ್ದಿತ್ತು.

ಮರುದಿನ ಫಾರಂನ ಮಂದಿಯೆಲ್ಲ ಸೇರಿದ್ದರು. ಕೇಪು ಇರುವುದು ಕೋವಿಯ ಬಲಮಗ್ಗುಲಿಗೆ, ಎಡಗಡೆಯಿಂದ ಹೊಡೆದರೆ ಅದರ ಕಿಡಿ ಮುಖದ ಪಕ್ಕದಲ್ಲೇ ಹಾರುತ್ತದೆ. ಅದಕ್ಕೆ ಭಾವ ತಮ್ಮ ಕಪ್ಪು ಕನ್ನಡಕ ತೆಗೆದು ಅವಳಿಗೆ ಹಾಕಿದರು. ಬಾಯಿಬಡುಕ, ಸಿನಿಮಾದವರು ಬಂದ್ರು ದಾರಿ ಬಿಡಿ ಅಂದ. ನಾನು ಮುಷ್ಟಿ ಬಿಗಿ ಹಿಡಿದೆ. ಭಾವ ನನ್ನ ತೋಳು ಹಿಡಿದುಕೊಂಡರು.

ಅಕ್ಕ ಹಳೇ ಡ್ರಮ್ಮಿನ ಕಡೆ ಕೋವಿ ತಿರುಗಿಸಿದಳು. ಹಿಡಿಯನ್ನು ಕುಳಿಗೆ ಒತ್ತಿ, ಕೆನ್ನೆ ತಾಗಿಸಿದಳು. ಕೇಪು ಚಟ್ ಅಂದಿತು, ಹಿಂದೆಯೇ ದೊಡ್ಡ ಸದ್ದು. ಬಿಳಿ ಹೊಗೆ ಅವಳನ್ನು ಪೂರ್ತಿ ನುಂಗಿತು. ಗಾಳಿಯೂ ಇರಲಿಲ್ಲ.

"ನಿಂತಿದಾಳೇನೋ?" ಭಾವ ಕೇಳಿದರು.

ನನಗೂ ಏನೂ ಕಾಣುತ್ತಿರಲಿಲ್ಲ. ಬಿದ್ದಳು ಅಂತ ಯಾರೋ ಅಂದರು. ಮ್ಯಾನೇಜರ್ ಎರಡು ಹೆಜ್ಜೆ ಮುಂದೆ ಹೋದರು. ನಾನು ಓಡಲು ಹೊರಟೆ. ಭಾವ ತೋಳು ಬಿಡಲಿಲ್ಲ.

"ತಡಿ. ಗಜದ ಸದ್ದು ಕೇಳಿಸ್ತಿಲ್ವಾ?"

ಹೊಗೆಯೊಳಗೆ ನಳಿಗೆಯಲ್ಲಿ ಕಬ್ಬಿಣದ ಕಡ್ಡಿ ಕಿಣಿ ಕಿಣಿ ಅನ್ನುತ್ತಿತ್ತು. ಒಂದೇ ಕೈಯ ಕೆಲಸ, ಬಲು ನಿಧಾನ. ಎರಡನೇ ಈಡು ತುಂಬುತ್ತಿದ್ದಳು. ಹೊಗೆ ಸರಿಯುವ ಹೊತ್ತಿಗೆ ಕೋವಿ ಮತ್ತೆ ಅವಳ ಎದೆಗೆ ಅಂಟಿಕೊಂಡಿತ್ತು. ಹೊಡೆದಳು. ತಳ್ಳಿತು. ಒಂದು ಹೆಜ್ಜೆ ಹಿಂದೆ ಹೋದಳು, ನಿಂತಳು.

ಇವತ್ತು ಸಂಜೆಯಿಂದಲೇ ಬನ್ನಿ ಅಂದರು ಮ್ಯಾನೇಜರ್. ಆ ಸಂಜೆ ಕೋವಿಯನ್ನು ಅವಳ ಕೈಗೆ ಕೊಟ್ಟದ್ದು ಭಾವ. ಬೆಳಿಗ್ಗೆ ನಾನು ಹೋದಾಗ ಅವರು ಒಲೆಯ ಮುಂದೆ ಕೂತಿದ್ದರು. ನಳಿಗೆ ತೊಳೆಯಲು ನೀರು ಕಾಯಿತಾ ಅಂತ ಪಾತ್ರೆಯ ಮೇಲೆ ಕೈ ಹಿಡಿದು ನೋಡುತ್ತಿದ್ದರು.